ಬೆಲ್ಲದ ಚೂರು ಮತ್ತು ಆರು ಗುಂಟೆ ಹೊಲ

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಬಂದ ಕುಟುಂಬವೊಂದು ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚುವುದನ್ನು ನೋಡಬೇಕು. ದೇವಿಗೆ ತುಂಬಿಸಿದ ಪಡ್ಡಲಗಿ ಬಿದಿರಿನದು. ಕಟಕ ರೊಟ್ಟಿಯನ್ನು ಬಿಳಿಯ ಅರಿವೆಯಲ್ಲಿ ಸುತ್ತಿದೆ. ಶೇಂಗಾ ಹಿಂಡಿ ಸ್ಟೀಲ್ ಡಬ್ಬಿಯಲ್ಲಿದೆ. ಮಾವಿನ ಉಪ್ಪಿನಕಾಯಿ ಮಾತ್ರ ಹಳೆಯ ಭರಣಿಯನ್ನು ಬಿಟ್ಟು ಯಾವುದೋ ತಂಪು ಪಾನೀಯದ ಖಾಲಿ ಬಾಟಲಿಯನ್ನು ಸೇರಿದೆ. ಮಕ್ಕಳ ಕೈಯಲ್ಲಿ ಒಳಮೈ ಬೆಳ್ಳಿಯಂತೆ ಹೊಳೆಯುವ ಚಿಪ್ಸ್ ಪಾಕೀಟು. ಅಷ್ಟರಲ್ಲಿ ಹಿರಿಯರೊಬ್ಬರು ಜಾತ್ರೆಯ ಅಂಗಡಿಯಿಂದ ಬಿಸಿಬಿಸಿ ಮಿರ್ಚಿ ಭಜಿ ತರುತ್ತಾರೆ. ಅದು ಹಳೆಯ ವೃತ್ತಪತ್ರಿಕೆಯ ತುಂಡಿನಲ್ಲಿ.

ಒಂದೇ ಊಟದಲ್ಲಿ ನೂರು ವರ್ಷಗಳ ಹೊದಿಕೆಗಳು ಒಟ್ಟಿಗೆ ಕುಳಿತಿವೆ. ಬಿದಿರು, ಅರಿವೆ, ಉಕ್ಕು, ಪ್ಲಾಸ್ಟಿಕ್, ಲೋಹ ಲೇಪಿಸಿದ ಹಾಳೆ, ಮುದ್ರಿತ ಕಾಗದ. ಇವೆಲ್ಲದರ ಕೆಲಸ ಒಂದೇ: ಧೂಳು, ತೇವ, ಗಾಳಿ, ಕ್ರಿಮಿಗಳಿಂದ ಆಹಾರವನ್ನು ಕಾಯುವುದು. ಆದರೆ ಕಾಯುವ ಹೊದಿಕೆಯಿಂದಲೇ ಆಹಾರವನ್ನು ಕಾಯುವವರು ಯಾರು? ಭಜಿಯ ಎಣ್ಣೆಗೆ ಅಂಟಿದ ಮಸಿಯನ್ನು ಕಣ್ಣು ಕಾಣುತ್ತದೆ. ಕಣ್ಣಿಗೆ ಕಾಣದ, ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಕ್ಕದ ಕಣಗಳನ್ನು ಹೊದಿಕೆಯೊಳಗೆ ಬೆರೆಸುವ ವಿದ್ಯೆ ಈಗ ಬಂದಿದೆ. ಅದರ ಹೆಸರು ನ್ಯಾನೊ ತಂತ್ರಜ್ಞಾನ. ಅದರ ಒಳಿತೇನು, ಅಪಾಯವೇನು, ಅದನ್ನು ಅಳೆಯುವ ಕಾನೂನು ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಶಾಲಾ ಮಕ್ಕಳೂ ಅವರ ಪಾಲಕರೂ ತಿಳಿದಿರುವುದು ಒಳ್ಳೆಯದು.

ಕಲಾಯಿ ಕಲಿಸಿದ ಪಾಠ

ಪ್ರಶ್ನೆ ನಿಜವಾಗಿ ಹೊಸದಲ್ಲ. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಓಣಿಗಳಲ್ಲಿ ಕಲಾಯಿಯವನ ಕೂಗು ಕೇಳಿಸುತ್ತಿದ್ದ ಕಾಲವನ್ನು ಇಂದಿನ ಪಾಲಕರಲ್ಲಿ ಹಲವರು ಬಲ್ಲರು. ಅವನು ನೆಲದಲ್ಲಿ ಕುಳಿ ತೋಡಿ, ಇದ್ದಿಲು ತುಂಬಿ, ತಿದಿ ಊದುತ್ತಿದ್ದ. ಹಿತ್ತಾಳೆಯ ಪಾತ್ರೆ ಕಾದಾಗ ನವಸಾಗರದ ಪುಡಿ ಹಾಕಿ, ತವರವನ್ನು ಸವರಿ, ಅರಿವೆಯಿಂದ ಒರೆಸಿದೊಡನೆ ಒಳಮೈ ಬೆಳ್ಳಗೆ ಮಿಂಚುತ್ತಿತ್ತು. ಆ ಬೆಳ್ಳಗಿನ ಲೇಪ ಸವೆದ ಪಾತ್ರೆಯ ಹತ್ತಿರ ಮೊಮ್ಮಗ ಮಜ್ಜಿಗೆಯ ತಂಬಿಗೆ ಹಿಡಿದು ಹೋದರೆ ಅಜ್ಜಿ ಗದರಿಸುತ್ತಿದ್ದಳು: "ಏ ತಮ್ಮಾ, ಕಲಾಯಿ ಹೋದ ಪಾತ್ರ್ಯಾಗ ಹುಳಿ ಇಡಬ್ಯಾಡೊ, ಕಿಲುಬ ಏರತೈತಿ!"

ಈ ಒಂದು ಮಾತಿನಲ್ಲಿ ಇಡೀ ಶಾಸ್ತ್ರವಿದೆ. ಹಿತ್ತಾಳೆಯಲ್ಲಿರುವ ತಾಮ್ರ ಹುಳಿಯ ಸಂಪರ್ಕದಲ್ಲಿ ಕರಗಿ ಆಹಾರಕ್ಕೆ ಇಳಿಯುತ್ತದೆ. ತವರದ ತೆಳುವಾದ ಲೇಪ ಅದನ್ನು ತಡೆಯುತ್ತದೆ. ಅದೇ ಪಾತ್ರೆಯಲ್ಲಿ ಜೋಳವನ್ನು ಇಟ್ಟರೆ ತೊಂದರೆಯಿಲ್ಲ. ಹುಣಸೆ ಹುಳಿಯ ಸಾರನ್ನು ಇಟ್ಟರೆ ತೊಂದರೆ. ತಣ್ಣಗಿರುವಾಗ ಕಡಿಮೆ, ಕುದಿಯುವಾಗ ಹೆಚ್ಚು. ಗಳಿಗೆ ಹೊತ್ತಿಗೆ ಕಡಿಮೆ, ರಾತ್ರಿಯೆಲ್ಲ ಇಟ್ಟರೆ ಹೆಚ್ಚು. ಅಂದರೆ ಪಾತ್ರೆ ಯಾವುದು, ಆಹಾರ ಯಾವುದು, ಬಿಸಿ ಎಷ್ಟು, ಕಾಲ ಎಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಅಜ್ಜಿ ಕೇಳುತ್ತಿದ್ದಳು.

ಇಂದಿನ ಪ್ರಯೋಗಾಲಯವೂ ಇದೇ ನಾಲ್ಕು ಪ್ರಶ್ನೆಗಳನ್ನು ಕೇಳುತ್ತದೆ. ಹೊದಿಕೆಯ ವಸ್ತು ಆಹಾರಕ್ಕೆ ಇಳಿಯುವುದನ್ನು ವಿಜ್ಞಾನಿಗಳು 'ವಲಸೆ' ಎಂದು ಕರೆಯುತ್ತಾರೆ. ಭಾರತೀಯ ಮಾನಕ ಐ.ಎಸ್. 9845 ಇದನ್ನು ಅಳೆಯುವ ವಿಧಾನವನ್ನು ಹೇಳುತ್ತದೆ. ಪ್ಲಾಸ್ಟಿಕ್ಕಿನ ತುಂಡನ್ನು ಬಟ್ಟಿ ಇಳಿಸಿದ ನೀರು, ಶೇಕಡಾ 3ರ ಅಸಿಟಿಕ್ ಆಮ್ಲ, ಮದ್ಯಸಾರ ಬೆರೆಸಿದ ನೀರು, ಕೊಬ್ಬಿನ ಬದಲಿಗೆ ಹೆಪ್ಟೇನ್ ಮುಂತಾದ ದ್ರವಗಳಲ್ಲಿ ನಿಗದಿಯಾದ ಬಿಸಿಯಲ್ಲಿ, ನಿಗದಿಯಾದ ಹೊತ್ತು ಇಡುತ್ತಾರೆ. ನೀರು ಸಾಧಾರಣ ಆಹಾರದ ಪ್ರತಿನಿಧಿ, ಆಮ್ಲ ಉಪ್ಪಿನಕಾಯಿಯ ಪ್ರತಿನಿಧಿ, ಹೆಪ್ಟೇನ್ ಎಣ್ಣೆಯ ಪ್ರತಿನಿಧಿ. ಬಳಿಕ ದ್ರವವನ್ನು ಆವಿಯಾಗಿಸಿ, ತಳದಲ್ಲಿ ಉಳಿದದ್ದನ್ನು ತೂಗುತ್ತಾರೆ. ಒಂದು ಕಿಲೊ ಆಹಾರಕ್ಕೆ 60 ಮಿಲಿಗ್ರಾಂ ಅಥವಾ ಹೊದಿಕೆಯ ಒಂದು ಚದರ ಡೆಸಿಮೀಟರಿಗೆ 10 ಮಿಲಿಗ್ರಾಂ ಮೀರಬಾರದು ಎಂಬುದು ನಿಯಮ.

ಇಲ್ಲಿ ಗಮನಿಸಬೇಕಾದ ಶಬ್ದ 'ತೂಗುತ್ತಾರೆ' ಎಂಬುದು. ತಾಮ್ರ, ಸತು, ಪ್ಲಾಸ್ಟಿಕ್ಕಿನ ರಸಾಯನಗಳಿಗೆ ತಕ್ಕಡಿ ಸಾಕಾಗಿತ್ತು. ನ್ಯಾನೊ ಕಣಗಳು ಬಂದಾಗ ತಕ್ಕಡಿಗೇ ಸಂದೇಹ ಬಂದಿತು. ಅದೇಕೆಂದು ತಿಳಿಯಲು ಒಂದು ಬೆಲ್ಲದ ಚೂರು ಸಾಕು.

ಚೂರನ್ನು ಕತ್ತರಿಸುತ್ತ ಹೋದರೆ

ಒಂದು ನ್ಯಾನೊಮೀಟರ್ ಎಂದರೆ ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೊಮೀಟರ್. ಒಂದರಿಂದ ನೂರು ನ್ಯಾನೊಮೀಟರ್ ಒಳಗಿನ ಗಾತ್ರದ ವಸ್ತುಗಳನ್ನು ಸಾಮಾನ್ಯವಾಗಿ ನ್ಯಾನೊ ವಸ್ತುಗಳೆಂದು ಕರೆಯುತ್ತಾರೆ. ಈ ಗಾತ್ರಕ್ಕೆ ಇಳಿದಾಗ ಪರಿಚಿತ ವಸ್ತುವೂ ಅಪರಿಚಿತವಾಗಿ ವರ್ತಿಸಬಲ್ಲದು. ಹಳದಿ ಬಂಗಾರದ ಅತಿ ಸೂಕ್ಷ್ಮ ಕಣಗಳನ್ನು ನೀರಿನಲ್ಲಿ ತೇಲಿಬಿಟ್ಟರೆ ನೀರು ಕೆಂಪಾಗಿ ಕಾಣುತ್ತದೆ.

ಈಗ ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಬೆಲ್ಲದ ಚೂರನ್ನು ಊಹಿಸಿಕೊಳ್ಳಬೇಕು. ಅದಕ್ಕೆ ಆರು ಮುಖಗಳು. ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನು ಒಂದೊಂದು ಮಿಲಿಮೀಟರಿನ ಚೌಕಗಳಾಗಿ ಕತ್ತರಿಸಿದರೆ ಸಾವಿರ ತುಂಡುಗಳಾಗುತ್ತವೆ. ಬೆಲ್ಲ ಅಷ್ಟೇ, ತೂಕ ಅಷ್ಟೇ. ಆದರೆ ಮೇಲ್ಮೈ 60 ಚದರ ಸೆಂಟಿಮೀಟರಿಗೆ ಏರುತ್ತದೆ. ಕತ್ತರಿಸುತ್ತ ಕತ್ತರಿಸುತ್ತ ಪ್ರತಿ ತುಂಡೂ 10 ನ್ಯಾನೊಮೀಟರ್ ಆಗುವವರೆಗೆ ಹೋದರೆ? ತುಂಡುಗಳ ಸಂಖ್ಯೆ ಒಂದರ ಮುಂದೆ ಹದಿನೆಂಟು ಸೊನ್ನೆ. ಎಲ್ಲವುಗಳ ಮೇಲ್ಮೈ ಕೂಡಿಸಿದರೆ 600 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಆರು ಗುಂಟೆ ಹೊಲ! ಬೆಲ್ಲವನ್ನು ನಿಜವಾಗಿ ಹಾಗೆ ಕತ್ತರಿಸಲಾಗದು. ಇದು ಲೆಕ್ಕ ಮಾತ್ರ. ಆದರೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿ ತಾನೇ ಮಾಡಿ ನೋಡಬಹುದಾದ ಲೆಕ್ಕ.

ಇದರ ಅರ್ಥವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಒಂದೇ ತೂಕದ ಎರಡು ಬೆಲ್ಲದ ಚೂರು ತೆಗೆದುಕೊಂಡು, ಒಂದನ್ನು ಇಡಿಯಾಗಿ, ಇನ್ನೊಂದನ್ನು ಕುಟ್ಟಿ ಪುಡಿಮಾಡಿ ಎರಡು ಲೋಟ ನೀರಿಗೆ ಹಾಕಬೇಕು. ಪುಡಿ ಮೊದಲು ಕರಗುತ್ತದೆ. ರಾಸಾಯನಿಕ ಕ್ರಿಯೆಗಳೆಲ್ಲ ಬಹುಪಾಲು ಮೇಲ್ಮೈಯಲ್ಲಿ ನಡೆಯುವಂಥವು. ಮೇಲ್ಮೈ ಹೆಚ್ಚಿದಷ್ಟೂ ವಸ್ತು ಚುರುಕಾಗುತ್ತದೆ. ಒಳ್ಳೆಯ ಕೆಲಸಕ್ಕೂ ಚುರುಕು, ಕೆಟ್ಟ ಕೆಲಸಕ್ಕೂ ಚುರುಕು.

ಹಾಗೆಂದು ಸಣ್ಣದೆಲ್ಲ ವಿಷವೆಂದು ಹೆದರಬೇಕಾಗಿಲ್ಲ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನಿನ ಉಂಡೆಗಳು ಹತ್ತಾರರಿಂದ ನೂರಾರು ನ್ಯಾನೊಮೀಟರ್ ಗಾತ್ರದವು. ತಾಯಿಯ ಹಾಲಿನಿಂದ ಹಿಡಿದು ಎಲ್ಲ ಹಾಲಿನಲ್ಲಿಯೂ ಅವು ಇವೆ. ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತವೆ. ಇನ್ನೊಂದು ಕಡೆ, ಕಟ್ಟಿಗೆಯ ಒಲೆಯ ಹೊಗೆಯಲ್ಲಿಯೂ ನ್ಯಾನೊ ಗಾತ್ರದ ಮಸಿ ಕಣಗಳಿವೆ. ಅವು ಶ್ವಾಸಕೋಶಕ್ಕೆ ಒಳ್ಳೆಯವಲ್ಲ. ಆದ್ದರಿಂದ 'ನ್ಯಾನೊ' ಎಂಬ ಶಬ್ದ ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಯಾವ ವಸ್ತು, ಕರಗುವುದೋ ಕರಗದೋ, ದೇಹದಲ್ಲಿ ಎಲ್ಲಿಗೆ ಹೋಗುತ್ತದೆ ಎಂಬುದೇ ಮುಖ್ಯ.

ಪಾಕೀಟಿನೊಳಗೆ ಅದಕ್ಕೇನು ಕೆಲಸ?

ಸಾಧಾರಣ ಪ್ಲಾಸ್ಟಿಕ್ ನೋಡಲು ಗಟ್ಟಿಯಾದರೂ ಗಾಳಿಗೆ ಅದು ಜರಡಿಯಂತೆ. ಆಮ್ಲಜನಕ, ನೀರಾವಿ ನಿಧಾನವಾಗಿ ಅದರ ಮೂಲಕ ನುಸುಳುತ್ತವೆ. ಎಣ್ಣೆಯ ತಿಂಡಿ ಕಮಟು ಹಿಡಿಯುವುದಕ್ಕೆ, ಗರಿಗರಿಯಾದದ್ದು ಮೆತ್ತಗಾಗುವುದಕ್ಕೆ ಇದೇ ಕಾರಣ. ಪ್ಲಾಸ್ಟಿಕ್ಕಿನಲ್ಲಿ ನ್ಯಾನೊ ಗಾತ್ರದ ಜೇಡಿಮಣ್ಣಿನ ಹಾಳೆಗಳನ್ನು ಬೆರೆಸಿದರೆ ಅವು ಒಂದರ ಮೇಲೊಂದು ಹೆಂಚಿನಂತೆ ಕುಳಿತುಕೊಳ್ಳುತ್ತವೆ. ಆಗ ಆಮ್ಲಜನಕ ನೇರ ದಾರಿ ಬಿಟ್ಟು ಓಣಿ ಓಣಿ ಸುತ್ತಿ ಬರಬೇಕಾಗುತ್ತದೆ. ತಿಂಡಿ ಹೆಚ್ಚು ದಿನ ತಾಳುತ್ತದೆ.

ಬೆಳ್ಳಿಯ ನ್ಯಾನೊ ಕಣಗಳ ಕೆಲಸ ಬೇರೆ. ಬೆಳ್ಳಿಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಗುಣವಿದೆ. ಡಬ್ಬಿಯ ಪ್ಲಾಸ್ಟಿಕ್ಕಿನಲ್ಲಿ ಬೆಳ್ಳಿಯ ಕಣಗಳನ್ನು ಸೇರಿಸಿದರೆ ಅವು ಬೆಳ್ಳಿಯ ಅಯಾನುಗಳನ್ನು ಬಿಡುತ್ತ ಕ್ರಿಮಿಗಳ ಬೆಳವಣಿಗೆಯನ್ನು ತಡೆಯುತ್ತವೆ. ಸತುವಿನ ಆಕ್ಸೈಡ್ ಕ್ರಿಮಿಗಳನ್ನೂ ಸೂರ್ಯನ ಅತಿನೇರಳೆ ಕಿರಣಗಳನ್ನೂ ತಡೆಯಬಲ್ಲದು. ಟೈಟಾನಿಯಂ ನೈಟ್ರೈಡ್ ಎಂಬ ಕಪ್ಪು ಕಣಗಳನ್ನು ಬಾಟಲಿಯ ಪ್ಲಾಸ್ಟಿಕ್ಕಿಗೆ ಚಿಟಿಕೆಯಷ್ಟು ಸೇರಿಸಿದರೆ ಅದು ಬೇಗನೆ ಬಿಸಿ ಹೀರಿಕೊಂಡು, ಬಾಟಲಿಯ ಆಕಾರಕ್ಕೆ ಊದುವುದು ಸುಲಭವಾಗುತ್ತದೆ.

ಇನ್ನು ಮಕ್ಕಳ ಕೈಯಲ್ಲಿದ್ದ ಆ ಹೊಳೆಯುವ ಚಿಪ್ಸ್ ಪಾಕೀಟಿನ ಸಂಗತಿ. ಅದರೊಳಗಿನ ಅಲ್ಯೂಮಿನಿಯಂ ಪದರ ಕೇವಲ ಕೆಲವು ಹತ್ತು ನ್ಯಾನೊಮೀಟರ್ ದಪ್ಪದ್ದು. ಹಾಗಾದರೆ ಅದೂ ನ್ಯಾನೊ ಅಪಾಯವೆ? ಇಲ್ಲಿ ಎಚ್ಚರಿಕೆಯಿಂದ ಯೋಚಿಸಬೇಕು. ಅದು ತೆಳುವಾದರೂ ಒಂದೇ ಹಾಸು, ಬಿಡಿಬಿಡಿ ಕಣಗಳಲ್ಲ. ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರಗಳ ನಡುವೆ ಅಂಟಿಕೊಂಡಿರುತ್ತದೆ. ಭದ್ರವಾಗಿ ಅಂಟಿದ ಪದರ ಬೇರೆ, ಹೊರಬರಬಹುದಾದ ಕಣ ಬೇರೆ.

ಕಣ ಹೊರಬರುತ್ತದೆಯೆ?

ಜೇಡಿಮಣ್ಣಿನ ಹಾಳೆಗಳು ಪ್ಲಾಸ್ಟಿಕ್ಕಿನೊಳಗೆ ಗಾರೆಯಲ್ಲಿ ಹುದುಗಿದ ಕಲ್ಲಿನಂತೆ ಉಳಿಯುವುದೇ ಹೆಚ್ಚು. ಬೆಳ್ಳಿಯ ಮಾತು ಹಾಗಲ್ಲ. ಹೊರಬಂದರೇ ಅದು ಕ್ರಿಮಿಗಳನ್ನು ಕೊಲ್ಲಲು ಸಾಧ್ಯ. ಸ್ಪೇನಿನ ಜರಗೋಜಾ ವಿಶ್ವವಿದ್ಯಾಲಯದ ಸಂಶೋಧಕರು ಮಾರುಕಟ್ಟೆಯಲ್ಲಿ ಮಾರುತ್ತಿದ್ದ ನ್ಯಾನೊ ಬೆಳ್ಳಿಯ ಡಬ್ಬಿಗಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳ್ಳಿ ಹೊರಬಂದದ್ದು ನಿಜ. ಕರಗಿದ ಅಯಾನುಗಳ ರೂಪದಲ್ಲಿಯೂ, ಕಣಗಳ ರೂಪದಲ್ಲಿಯೂ. ಹುಳಿ ದ್ರವದಲ್ಲಿ ಹೆಚ್ಚು ಬಂದಿತು. ಅಜ್ಜಿಯ ಮಾತು ಹುಸಿಯಾಗಲಿಲ್ಲ! ಆದರೆ ಬಂದ ಪ್ರಮಾಣ ಯುರೋಪಿನ ಮಿತಿಗಿಂತ ಕೆಳಗೇ ಇತ್ತು ಎಂಬುದನ್ನೂ ಅದೇ ಅಧ್ಯಯನ ಹೇಳಿತು.

ಹೊಟ್ಟೆಗೆ ಹೋದ ಮೇಲೆ ಏನಾಗುತ್ತದೆ ಎಂಬುದು ಇನ್ನೂ ಬಿಸಿ ಚರ್ಚೆಯ ವಿಷಯ. ಕರಗದ ಕಣಗಳಲ್ಲಿ ಬಹುಪಾಲು ಹಾಗೆಯೇ ಹೊರಹೋಗುತ್ತವೆ. ಅಲ್ಪ ಪಾಲು ಕರುಳಿನ ಗೋಡೆಯನ್ನು ದಾಟಿ ಯಕೃತ್ತು, ಗುಲ್ಮಗಳಲ್ಲಿ ನಿಲ್ಲಬಹುದು. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಯ ಬಣ್ಣದ ಕಥೆ ಇದಕ್ಕೆ ಉದಾಹರಣೆ. ಅದು ಹೊದಿಕೆಯಲ್ಲ, ಮಿಠಾಯಿ, ಚೂಯಿಂಗ್ ಗಮ್‌ಗಳಿಗೆ ನೇರವಾಗಿ ಸೇರಿಸುತ್ತಿದ್ದ ಬಣ್ಣ. ಅದರ ಕಣಗಳಲ್ಲಿ ಒಂದು ಪಾಲು ನ್ಯಾನೊ ಗಾತ್ರದ್ದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರ ಮೇ ತಿಂಗಳಿನಲ್ಲಿ, ಅದು ವಂಶವಾಹಿಗಳಿಗೆ ಹಾನಿ ಮಾಡುವುದಿಲ್ಲವೆಂದು ಖಚಿತವಾಗಿ ಹೇಳಲಾಗದು, ಆದ್ದರಿಂದ ಸುರಕ್ಷಿತವೆಂದು ಪರಿಗಣಿಸಲಾಗದು ಎಂದಿತು. 2022ರಲ್ಲಿ ಯುರೋಪಿನ ಒಕ್ಕೂಟ ಅದನ್ನು ಆಹಾರದಿಂದ ನಿಷೇಧಿಸಿತು. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಆಹಾರ ಮತ್ತು ಕೃಷಿ ಸಂಸ್ಥೆಗಳ ಜಂಟಿ ತಜ್ಞರ ಸಮಿತಿ 2023ರಲ್ಲಿ ಅದೇ ವಸ್ತುವನ್ನು ಪರಿಶೀಲಿಸಿ, ಹಿಂದಿನಂತೆ ಬಳಸಬಹುದೆಂಬ ಅಭಿಪ್ರಾಯವನ್ನೇ ಉಳಿಸಿಕೊಂಡಿತು.

ಒಂದೇ ವಸ್ತು, ಎರಡು ತೀರ್ಪು. ಇದನ್ನು ಕಂಡು 'ವಿಜ್ಞಾನಿಗಳಿಗೇ ಗೊತ್ತಿಲ್ಲ' ಎಂದು ಕೈ ಚೆಲ್ಲುವುದು ಸರಿಯಲ್ಲ. ಒಬ್ಬರು 'ಅಪಾಯ ಸಾಬೀತಾಗಿಲ್ಲ' ಎಂದು ಕೇಳುತ್ತಾರೆ, ಇನ್ನೊಬ್ಬರು 'ಸುರಕ್ಷತೆ ಸಾಬೀತಾಗಿದೆಯೆ?' ಎಂದು ಕೇಳುತ್ತಾರೆ. ಪುರಾವೆ ತರುವ ಹೊಣೆ ಯಾರದು ಎಂಬುದರ ಮೇಲೆ ತೀರ್ಪು ಬದಲಾಗುತ್ತದೆ. ಕಾನೂನಿನ ತಿರುಳು ಇರುವುದೂ ಇಲ್ಲಿಯೇ.

ತಕ್ಕಡಿ ಹಿಡಿದ ಕಾನೂನು

ಬೆಲ್ಲದ ಲೆಕ್ಕವನ್ನು ಈಗ ಬೆಳ್ಳಿಗೆ ಹಾಕಬಹುದು. ಒಂದು ಕಿಲೊ ಆಹಾರಕ್ಕೆ 0.05 ಮಿಲಿಗ್ರಾಂಗಿಂತ ಹೆಚ್ಚು ಬೆಳ್ಳಿ ಇಳಿಯಬಾರದು ಎಂಬುದು ಯುರೋಪಿನಲ್ಲಿ ತಜ್ಞರು ಹಾಕಿದ ಮಿತಿ. ಈ 0.05 ಮಿಲಿಗ್ರಾಂ ಬೆಳ್ಳಿ ಒಂದು ಮೈಕ್ರಾನ್, ಅಂದರೆ ಸಾವಿರ ನ್ಯಾನೊಮೀಟರ್ ಅಡ್ಡಳತೆಯ ಗುಂಡುಗಳಾಗಿದ್ದರೆ ಅವುಗಳ ಸಂಖ್ಯೆ ಸುಮಾರು 90 ಲಕ್ಷ. ಅದೇ ಬೆಳ್ಳಿ 10 ನ್ಯಾನೊಮೀಟರ್ ಗುಂಡುಗಳಾಗಿದ್ದರೆ ಸುಮಾರು 9 ಲಕ್ಷ ಕೋಟಿ. ತಕ್ಕಡಿಗೆ ಎರಡೂ ಒಂದೇ. ಕರುಳಿಗೆ ಎರಡೂ ಒಂದೇ ಎಂದು ಹೇಳುವುದು ಹೇಗೆ? ತೂಕದಿಂದ ಮಾತ್ರ ಅಳೆಯುವ ನಿಯಮ ಗಾತ್ರದ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಯುರೋಪಿನ ಒಕ್ಕೂಟ ಈ ಪ್ರಶ್ನೆಯನ್ನು ಕೇಳಿತು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕುಗಳ ಬಗ್ಗೆ 2011ರಲ್ಲಿ ಬಂದ ಅದರ 10ನೆಯ ನಿಯಮಾವಳಿಯ ಪ್ರಕಾರ, ಒಂದು ವಸ್ತುವಿಗೆ ಸಾಧಾರಣ ರೂಪದಲ್ಲಿ ಒಪ್ಪಿಗೆ ಇದ್ದ ಮಾತ್ರಕ್ಕೆ ಅದರ ನ್ಯಾನೊ ರೂಪಕ್ಕೂ ಒಪ್ಪಿಗೆ ಸಿಕ್ಕಂತಲ್ಲ. ನ್ಯಾನೊ ರೂಪವನ್ನು ಪಟ್ಟಿಯಲ್ಲಿ ಬೇರೆಯಾಗಿ ಹೆಸರಿಸಿರಬೇಕು. ಟೈಟಾನಿಯಂ ನೈಟ್ರೈಡಿಗೆ ಪೆಟ್ ಬಾಟಲಿಯ ಪ್ಲಾಸ್ಟಿಕ್ಕಿನಲ್ಲಿ ಕಿಲೊಗೆ 20 ಮಿಲಿಗ್ರಾಂವರೆಗೆ ಒಪ್ಪಿಗೆ ದೊರೆತದ್ದು ಅದು ಆಹಾರಕ್ಕೆ ಇಳಿಯುವುದಿಲ್ಲವೆಂದು ಕಂಡುಬಂದ ಮೇಲೆ. ಇನ್ನೊಂದು ವಿಶೇಷವಿದೆ. ಹಲವು ಪದರಗಳ ಹಾಳೆಯಲ್ಲಿ ಒಳಗಿನ ತಡೆಪದರದ ಹಿಂದೆ ಪಟ್ಟಿಯಲ್ಲಿಲ್ಲದ ಕೆಲವು ವಸ್ತುಗಳನ್ನೂ ಬಳಸುವ ರಿಯಾಯಿತಿ ತಯಾರಕರಿಗಿದೆ. ನ್ಯಾನೊ ವಸ್ತುಗಳಿಗೆ ಮಾತ್ರ ಆ ರಿಯಾಯಿತಿ ಇಲ್ಲ. ಆಹಾರದ ಘಟಕವೇ ನ್ಯಾನೊ ರೂಪದ್ದಾಗಿದ್ದರೆ ಪಾಕೀಟಿನ ಮೇಲೆ ಅದರ ಹೆಸರಿನ ಮುಂದೆ 'ನ್ಯಾನೊ' ಎಂದು ಮುದ್ರಿಸುವುದು 2014ರ ಡಿಸೆಂಬರಿನಿಂದ ಅಲ್ಲಿ ಕಡ್ಡಾಯ.

ಅಮೆರಿಕೆಯಲ್ಲಿ ಬೇರೊಂದು ದಾರಿ. 2014ರ ಮಾರ್ಚ್‌ನಲ್ಲಿ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ನ್ಯಾನೊ ಬೆಳ್ಳಿ ಸೇರಿಸಿದ ಆಹಾರದ ಡಬ್ಬಿಗಳನ್ನು ಮಾರುತ್ತಿದ್ದ ಒಂದು ಕಂಪನಿಗೆ ಮಾರಾಟ ನಿಲ್ಲಿಸಲು ಆಜ್ಞಾಪಿಸಿತು. ಬಳಸಿದ ಕಾನೂನು ಯಾವುದು? ಕೀಟನಾಶಕಗಳ ಕಾನೂನು! ಕ್ರಿಮಿಗಳನ್ನು ಕೊಲ್ಲುತ್ತದೆಂದು ಹೇಳಿಕೊಂಡು ಮಾರಿದರೆ ಅದು ಕ್ರಿಮಿನಾಶಕ. ಪರೀಕ್ಷೆ, ನೋಂದಣಿ ಇಲ್ಲದೆ ಮಾರಕೂಡದು ಎಂಬುದು ತರ್ಕ.

ಭಾರತದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಅಡಿಯಲ್ಲಿ ಬಂದ 2018ರ ಪ್ಯಾಕೇಜಿಂಗ್ ನಿಯಮಾವಳಿ 2019ರ ಜುಲೈ 1ರಿಂದ ಜಾರಿಗೆ ಬಂದಿತು. ಒಟ್ಟು ವಲಸೆಯ 60 ಮಿಲಿಗ್ರಾಂ ಮಿತಿ ಅದರಲ್ಲಿದೆ. ಸತು, ತಾಮ್ರ, ಕಬ್ಬಿಣ, ಬೇರಿಯಂ ಮೊದಲಾದವುಗಳಿಗೆ ಬೇರೆ ಬೇರೆ ಮಿತಿಗಳಿವೆ. ಸತುವಿಗೆ ಕಿಲೊಗೆ 25 ಮಿಲಿಗ್ರಾಂ ಎಂದಿದೆ. ಆ ಸತು ನ್ಯಾನೊ ಕಣವೋ ಸಾಧಾರಣ ಪುಡಿಯೋ ಎಂಬ ಭೇದವನ್ನು ಆ ಮಿತಿ ಮಾಡುವುದಿಲ್ಲ. 2020ರ ಜುಲೈನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೊ ಕೃಷಿ ಪರಿಕರ ಮತ್ತು ಆಹಾರ ಉತ್ಪನ್ನಗಳ ಮೌಲ್ಯಮಾಪನಕ್ಕೆ ಮಾರ್ಗಸೂಚಿ ಹೊರತಂದಿತು. ಕಣದ ಗಾತ್ರ, ಆಕಾರ, ಮೇಲ್ಮೈ, ವಿಷಗುಣ ಇವನ್ನೆಲ್ಲ ಪರೀಕ್ಷಿಸುವ ಕ್ರಮವನ್ನು ಅದು ಹೇಳುತ್ತದೆ. ಇದು ಒಳ್ಳೆಯ ಹೆಜ್ಜೆ. ಆದರೆ ಮಾರ್ಗಸೂಚಿ ದಾರಿ ತೋರಿಸುತ್ತದೆ. ಕಾನೂನು ಕೈ ಹಿಡಿದು ನಿಲ್ಲಿಸುತ್ತದೆ. ಎರಡಕ್ಕೂ ವ್ಯತ್ಯಾಸವಿದೆ. ನ್ಯಾನೊ ರೂಪಕ್ಕೆ ಹೆಸರು ಹಿಡಿದು ಒಪ್ಪಿಗೆ ಪಡೆಯಬೇಕೆಂಬ ಒಂದು ಸಾಲು ಪ್ಯಾಕೇಜಿಂಗ್ ನಿಯಮದಲ್ಲಿಯೇ ಬಂದರೆ ಪುರಾವೆಯ ಹೊಣೆ ತಯಾರಕನ ಹೆಗಲಿಗೆ ಬೀಳುತ್ತದೆ. ಇಲ್ಲವಾದರೆ ಅದು ಬುತ್ತಿ ಬಿಚ್ಚಿ ಕುಳಿತ ಕುಟುಂಬದ ಹೆಗಲ ಮೇಲೆಯೇ ಉಳಿಯುತ್ತದೆ. ನ್ಯಾನೊ ಕಣವನ್ನು ಪತ್ತೆಹಚ್ಚಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂತಹ ಯಂತ್ರಗಳು ಬೇಕು. ಅವು ಪ್ರತಿ ಊರಿನಲ್ಲಿ ಇರುವಂಥವಲ್ಲ. ಗ್ರಾಹಕ ತಾನೇ ಪರೀಕ್ಷಿಸಿ ಕೊಳ್ಳಲಿ ಎನ್ನುವಂತಿಲ್ಲ.

ಎರೆ ಹೊಲದ ಹತ್ತಿಗೂ ಪಾಲು

ಈ ಚರ್ಚೆ ದೂರದ ಪಟ್ಟಣಗಳದೆಂದು ಬೈಲಹೊಂಗಲ, ಸವದತ್ತಿಗಳ ರೈತ ತಿಳಿಯಬೇಕಾಗಿಲ್ಲ. ಕರ್ನಾಟಕ ಸರಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂದಿತು. ಬದಲಿಗೆ ಬರುವ ಕಾಗದ, ಪಿಷ್ಟದ ಹಾಳೆಗಳು ತೇವಕ್ಕೆ ಬೇಗ ಸೋಲುತ್ತವೆ. ಅವುಗಳಿಗೆ ಬಲ ಕೊಡುವ ವಸ್ತುಗಳಲ್ಲಿ ನ್ಯಾನೊ ಸೆಲ್ಯುಲೋಸ್ ಒಂದು. ಅದನ್ನು ಗಿಡದ ನಾರಿನಿಂದ, ಹತ್ತಿಕಾಳಿಗೆ ಅಂಟಿ ಉಳಿಯುವ ಗಿಡ್ಡ ನಾರಿನಿಂದಲೂ ತೆಗೆಯಬಹುದು. ಮುಂಬಯಿಯ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದಕ್ಕಾಗಿ ಪ್ರಾಯೋಗಿಕ ಘಟಕವನ್ನೇ ಸ್ಥಾಪಿಸಿದೆ. ಎರೆ ಹೊಲದ ಹತ್ತಿ ನಾಳೆ ಆಹಾರದ ಹೊದಿಕೆಯಾಗಿ ಬೆಲೆ ತರಬಹುದು.

ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ, 1961ರಿಂದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವೂ ಇವೆ. 2007ರಲ್ಲಿ ಆರಂಭವಾದ ರಾಷ್ಟ್ರೀಯ ನ್ಯಾನೊ ಮಿಷನ್ನಿನ ಮುಂಚೂಣಿಯಲ್ಲಿದ್ದವರು ಬೆಂಗಳೂರಿನ ಪ್ರೊ. ಸಿ.ಎನ್.ಆರ್. ರಾವ್. ವಿದ್ಯೆಯ ಕೊರತೆ ನಾಡಿಗಿಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರ, ಕಾನೂನು ಮೂರೂ ಕೂಡುವ ಈ ಕ್ಷೇತ್ರಕ್ಕೆ ಮುಂದೆ ಬಹಳ ಜನ ಬೇಕಾಗುತ್ತಾರೆ. ಕಿತ್ತೂರಿನ, ರಾಮದುರ್ಗದ ಹುಡುಗ ಹುಡುಗಿಯರು ಅವರಲ್ಲಿ ಇರಬಾರದೇಕೆ? ಹತ್ತಿಯದಾದರೂ ಅದೇ ನಾಲ್ಕು ಪ್ರಶ್ನೆಗಳನ್ನು ಕೇಳಿಯೇ ಒಪ್ಪಬೇಕು ಎಂಬ ವಿವೇಕ ಮಾತ್ರ ಅವರಲ್ಲಿರಬೇಕು.

ಇಂದು ಮನೆಯಲ್ಲಿ

ಕಾಣದ ಕಣದ ಚಿಂತೆಯಲ್ಲಿ ಕಾಣುವ ಮಸಿಯನ್ನು ಮರೆಯಬಾರದು. ವೃತ್ತಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು 2018ರ ನಿಯಮಾವಳಿ ಸ್ಪಷ್ಟವಾಗಿ ನಿಷೇಧಿಸಿದೆ. ಬಿಸಿ ಎಣ್ಣೆ ಮಸಿಯನ್ನು ಕರಗಿಸಿಕೊಳ್ಳುತ್ತದೆ. ಭಜಿಯನ್ನು ಮುತ್ತಲ ಎಲೆಯಲ್ಲೋ ಮುದ್ರಿಸದ ಕಾಗದದಲ್ಲೋ ಕೊಡಿರೆಂದು ಕೇಳುವುದಕ್ಕೆ ಖರ್ಚೇನೂ ಇಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಸುಮಾರು 250 ಕಡೆ ಇಡ್ಲಿ ತಯಾರಿಕೆಯನ್ನು ಪರಿಶೀಲಿಸಿದಾಗ 50ಕ್ಕೂ ಹೆಚ್ಚು ಕಡೆ ಅರಿವೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದುದು ಕಂಡುಬಂದಿತು. ಸರಕಾರ ಅದನ್ನು ನಿಷೇಧಿಸಿತು. ಪ್ಲಾಸ್ಟಿಕ್, ಹಬೆ, ಹುಳಿ ಹಿಟ್ಟು ಮೂರೂ ಒಂದೆಡೆ! ಅಜ್ಜಿಯ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಅಲ್ಲಿಯೇ ಕೆಟ್ಟ ಉತ್ತರ.

ತಂಪು ಪಾನೀಯದ ಬಾಟಲಿ ಒಮ್ಮೆಯ ಬಳಕೆಗಾಗಿ ಮಾಡಿದ್ದು. ವರ್ಷಗಟ್ಟಲೆ ಉಪ್ಪಿನಕಾಯಿ ಇಡುವುದಕ್ಕಲ್ಲ. ಹುಳಿ, ಉಪ್ಪು, ಎಣ್ಣೆ ಕೂಡಿದ ಪದಾರ್ಥಕ್ಕೆ ಗಾಜು, ಪಿಂಗಾಣಿಯ ಭರಣಿಯೇ ಮೇಲು. ಶಾಲೆಯ ಡಬ್ಬಿಗೆ ಸ್ಟೀಲ್ ಸಾಕು. ಬಿಸಿ ಸಾರನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಳ್ಳಬಾರದು. 'ಕ್ರಿಮಿ ನಿರೋಧಕ', 'ನ್ಯಾನೊ ಬೆಳ್ಳಿ' ಎಂದು ಬರೆದ ಡಬ್ಬಿ ಕಂಡರೆ ಹೆದರುವುದೂ ಬೇಡ, ಮರುಳಾಗುವುದೂ ಬೇಡ. ಹೊರಬರುತ್ತದೆಯೆ, ಪರೀಕ್ಷಿಸಿದವರು ಯಾರು ಎಂದು ಅಂಗಡಿಯವರನ್ನು, ತಯಾರಕರನ್ನು ಕೇಳಬೇಕು. ಉತ್ತರವಿಲ್ಲದಿದ್ದರೆ ತೊಳೆದ ಸ್ಟೀಲ್ ಡಬ್ಬಿಯಲ್ಲಿಯೂ ರೊಟ್ಟಿ ಚೆನ್ನಾಗಿಯೇ ಇರುತ್ತದೆ.

ಮುಂದಿನ ಹುಣ್ಣಿಮೆಗೆ ಗುಡ್ಡದಲ್ಲಿ ಮತ್ತೆ ಬುತ್ತಿ ಬಿಚ್ಚುತ್ತಾರೆ. ಮೊಮ್ಮಗಳು ಬೆಲ್ಲದ ಚೂರಿನ ಲೆಕ್ಕವನ್ನು ಅಜ್ಜಿಗೆ ಹೇಳಲಿ. ಅಜ್ಜಿ ಕಲಾಯಿಯ ಕಥೆಯನ್ನು ಮೊಮ್ಮಗಳಿಗೆ ಹೇಳಲಿ. ಇಬ್ಬರ ಮಾತೂ ಕೂಡಿದರೆ ಕಾನೂನು ಕೇಳಬೇಕಾದ ಪ್ರಶ್ನೆ ಪೂರ್ತಿಯಾಗುತ್ತದೆ: ಎಷ್ಟು ತೂಕ ಎಂಬುದರ ಜೊತೆಗೆ, ಎಷ್ಟು ಸಣ್ಣದು ಎಂಬುದೂ.